ಫ್ಲ್ಯಾಟ್ ಪೆಡಲ್‌ಗೆ ಯಾವ ಶೂ? ಹಲ್ಲು ಜಾಸ್ತಿ ಇರೋದಂತೂ ಅಲ್ಲ

ಪ್ರಶ್ನೆ: ಹೊಸದಾಗಿ ಎಂಟಿಬಿ (ಗುಡ್ಡಗಾಡಿನಲ್ಲಿ ಓಡಿಸುವ) ಸೈಕಲ್ ತಗೊಂಡಿದ್ದೇನೆ. ಫ್ಲ್ಯಾಟ್ ಪೆಡಲ್ ಇದೆ, ಅಂದರೆ ಶೂ ಸಿಕ್ಕಿಸದೆ ಸುಮ್ನೆ ಮೇಲಿಟ್ಟು ತುಳಿಯುವ ಚಪ್ಪಟೆ ಪೆಡಲ್. ಕಲ್ಲಿನ ಇಳಿಜಾರಿನಲ್ಲಿ ಕಾಲು ಜಾರುತ್ತದೆ. ಒಳ್ಳೆ ಗ್ರಿಪ್ ಇರುವ ಟ್ರೆಕ್ಕಿಂಗ್ ಶೂ ತಗೊಳ್ಳಲಾ?

ಬೇಡ. ಈ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಆದರೂ ಇನ್ನೊಂದು ಸಲ ಪೂರ್ತಿ ಹೇಳುತ್ತೇನೆ. ಅಟ್ಟೆ ಚಪ್ಪಟೆಯಾಗಿರಬೇಕು. ರಬ್ಬರ್ ಮೆತ್ತಗಿರಬೇಕು. ಶೂ ನಡುಭಾಗ ಸುಲಭಕ್ಕೆ ಬಾಗದ ಹಾಗಿರಬೇಕು. ಮುಖ್ಯವಾಗಿ ನೋಡಬೇಕಾದ್ದು ಇಷ್ಟೇ.

ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ. "ಅಣ್ಣಾ, ಅಟ್ಟೆಗೆ ದೊಡ್ಡ ದೊಡ್ಡ ಹಲ್ಲಿದ್ರೆ ತಾನೇ ಗ್ರಿಪ್ಪು?" ಅಂತ ತಿರುಗಿ ಕೇಳುತ್ತಾರೆ. ಟೈರಿಗೆ ಹಲ್ಲು ಬೇಕು, ಹಾಗಾಗಿ ಶೂಗೂ ಬೇಕು ಅನ್ನೋದು ಅವರ ಲೆಕ್ಕ. ಆದರೆ ಟೈರ್ ಓಡುವುದು ಮಣ್ಣಿನ ಮೇಲೆ. ಸಡಿಲ ಗರಸಿನೊಳಗೆ ಅದರ ಹಲ್ಲು ಇಳಿದು ಹಿಡಿಯುತ್ತದೆ. ಸೈಕಲ್ ಮೇಲೆ ಕೂತಾಗ ನಿಮ್ಮ ಶೂ ತುಳಿಯುವುದು ಮಣ್ಣನ್ನಲ್ಲ, ಪೆಡಲನ್ನು. ಒಳ್ಳೆ ಪೆಡಲ್‌ಗೆ ಆಗಲೇ ಹಲ್ಲುಗಳಿವೆ. ನಾಲ್ಕೈದು ಮಿಲಿಮೀಟರ್ ಎತ್ತರದ ಲೋಹದ ಪಿನ್ನುಗಳು. ಹಲ್ಲು ಪೆಡಲಿನದು, ಅದು ಕಚ್ಚುವ ತುತ್ತು ನಿಮ್ಮ ಅಟ್ಟೆ. ತುತ್ತು ಮೆತ್ತಗಿದ್ದರೆ ತಾನೇ ಹಲ್ಲು ಇಳಿಯೋದು?

ನಮ್ಮ ಚಿತ್ರದುರ್ಗದ ಚಂದ್ರವಳ್ಳಿ ಹತ್ತಿರ ಒಬ್ಬ ಹುಡುಗ ಇದೇ ವಾದ ಹಿಡಿದು ನಿಂತಿದ್ದ. ನಾನು ಸೈಕಲ್ಲನ್ನು ಮರಕ್ಕೆ ಒರಗಿಸಿ, ಅವನ ಟ್ರೆಕ್ಕಿಂಗ್ ಶೂ ಬಿಚ್ಚಿಸಿ, "ಪೆಡಲ್ ಮೇಲೆ ಇಟ್ಟು ಎರಡೂ ಕೈಯಿಂದ ಒತ್ತು, ಆಮೇಲೆ ತಿರುಚು" ಅಂದೆ. ಬಗ್ಗಿ ನೋಡಿದರೆ ಹತ್ತು ಪಿನ್ನುಗಳಲ್ಲಿ ಮೂರು ಮಾತ್ರ ಶೂವಿನ ಹಲ್ಲಿಗೆ ತಾಗಿದ್ದವು. ಉಳಿದವು ಸಂದಿಗಳಲ್ಲಿ ಏನನ್ನೂ ಮುಟ್ಟದೆ ಸುಮ್ನೆ ನಿಂತಿದ್ದವು. ತಿರುಚಿದ ಕೂಡಲೇ ಶೂ ಕಿರ್ ಅಂತ ಪಕ್ಕದ ಸಂದಿಗೆ ಜಾರಿತು. ಆಮೇಲೆ ನನ್ನ ಶೂ ಕೊಟ್ಟೆ. ಅದನ್ನು ಒತ್ತಿದ, ತಿರುಚಿದ, ಅಲ್ಲಾಡಲಿಲ್ಲ. ಎತ್ತಿ ನೋಡಿದರೆ ಅಟ್ಟೆ ಮೇಲೆ ಹತ್ತು ಸಣ್ಣ ಗುಳಿ. ಅವನೇ ಎಣಿಸಿದ. ಅವನು ಎಣಿಸುತ್ತಿದ್ದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಇನ್ನೊಂದು ಕಾರಣವೂ ಇದೆ. ಟ್ರೆಕ್ಕಿಂಗ್ ಶೂ ರಬ್ಬರನ್ನು ಕಲ್ಲಿನ ಮೇಲೆ ದಿನಗಟ್ಟಲೆ ನಡೆದರೂ ಸವೆಯದ ಹಾಗೆ ಗಟ್ಟಿ ಮಾಡಿರುತ್ತಾರೆ. ಬಾಳಿಕೆ ಬರುತ್ತದೆ, ಪಿನ್ ಇಳಿಯುವುದಿಲ್ಲ. ಮೆತ್ತನೆ ರಬ್ಬರ್ ಬೇಗ ಸವೆಯುತ್ತದೆ. ಹಿಡಿತ ಬೇಕಂದರೆ ಅದನ್ನು ಒಪ್ಪಿಕೊಳ್ಳಲೇಬೇಕು.

ದುರ್ಗದಲ್ಲಿ ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕಿತ್ತು. ಸುತ್ತ ಇರುವುದೆಲ್ಲ ಬಂಡೆ. ಬಂಡೆ ಹತ್ತುವ ಆಟದವರು ಹಾಕುವ ಶೂ ತಿರುಗಿಸಿ ನೋಡಿ. ಅಟ್ಟೆಗೆ ಒಂದು ಹಲ್ಲೂ ಇಲ್ಲ, ಪೂರ್ತಿ ನುಣುಪು. ಹಿಡಿತವೆಲ್ಲ ರಬ್ಬರಿನದೇ. ಫ್ಲ್ಯಾಟ್ ಪೆಡಲ್ ಶೂಗಳಲ್ಲಿ ಹೆಸರು ಮಾಡಿರುವ ಫೈವ್ ಟೆನ್ ಕಂಪನಿ ಹುಟ್ಟಿದ್ದೇ ಬಂಡೆ ಹತ್ತುವವರಿಗಾಗಿ. 1985ರಲ್ಲಿ ಚಾರ್ಲ್ಸ್ ಕೋಲ್ ಶುರು ಮಾಡಿದ್ದು. ಬಂಡೆಗೆಂದು ತಯಾರಾದ ಅವರ ಸ್ಟೆಲ್ತ್ ರಬ್ಬರೇ ಮುಂದೆ ಸೈಕಲ್ ಶೂಗಳಿಗೂ ಬಂತು. 2011ರಲ್ಲಿ ಆ ಕಂಪನಿಯನ್ನು ಅಡಿಡಾಸ್ ಕೊಂಡುಕೊಂಡಿತು.

ಇಂಥ ಕಂಪನಿ ಶೂಗೇ ದುಡ್ಡು ಹಾಕಲೇಬೇಕಾ? ಬೇಕಿಲ್ಲ. ಸ್ಕೇಟ್‌ಬೋರ್ಡ್ ಆಡುವವರ ಚಪ್ಪಟೆ ಶೂ ಚೆನ್ನಾಗಿ ನಡೆಯುತ್ತದೆ. ಮನೆಯಲ್ಲಿ ಬ್ಯಾಡ್ಮಿಂಟನ್ ಶೂ ಇದ್ದರೆ ಅದನ್ನೇ ಹಾಕಿ ನೋಡಿ, ಅದರ ಗಮ್ ರಬ್ಬರ್ ಅಟ್ಟೆ ಪಿನ್ನನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಬೇಗ ಹರಿಯುತ್ತದೆ, ಬೆರಳಿಗೆ ಕಲ್ಲು ಹೊಡೆದರೆ ತಡೆಯಲು ಏನೂ ಇಲ್ಲ. ಓಡುವ ಶೂ ಮಾತ್ರ ಬೇಡ. ಅದರ ದಪ್ಪ ಸ್ಪಂಜು ಪೆಡಲ್ ಸುತ್ತ ಬಾಗಿ, ಒಂದು ಗಂಟೆಗೆಲ್ಲ ಅಂಗಾಲು ನೋಯುತ್ತದೆ. ಹಿಮ್ಮಡಿಯೂ ಎತ್ತರ. ಇಳಿಜಾರಿನಲ್ಲಿ ಹಿಮ್ಮಡಿ ಕೆಳಗಿಳಿಸಬೇಕು, ಆ ಶೂ ಅದಕ್ಕೆ ಅಡ್ಡ ಬರುತ್ತದೆ.

ಅಂಗಡಿಯಲ್ಲಿ ಅಟ್ಟೆಗೆ ಹೆಬ್ಬೆರಳಿನ ಉಗುರು ಒತ್ತಿ. ಗುರುತು ಬಿದ್ದು ನಿಧಾನಕ್ಕೆ ಮಾಯವಾದರೆ ಒಳ್ಳೆ ರಬ್ಬರ್. ಉಗುರೇ ಜಾರಿದರೆ ವಾಪಸ್ ಇಟ್ಟುಬಿಡಿ.

ಹಲ್ಲಿನ ಪರವಾಗಿ ಒಂದು ಮಾತು ನ್ಯಾಯವಾದದ್ದು. ಗುಡ್ಡದಲ್ಲಿ ಸೈಕಲ್ ತಳ್ಳಿಕೊಂಡು ಹತ್ತುವ ಜಾಗ ಬಂದೇ ಬರುತ್ತದೆ. ಅದಕ್ಕೆ ಬೆರಳ ತುದಿಯಲ್ಲಿ, ಹಿಮ್ಮಡಿಯಲ್ಲಿ ಸಣ್ಣ ಹಲ್ಲಿರುವ ಶೂ ಸಿಗುತ್ತವೆ. ಪೆಡಲ್ ಮುಟ್ಟುವ ಭಾಗ ಚಪ್ಪಟೆ ಇದ್ದರಾಯಿತು. ಮಳೆ ಬಿದ್ದ ಮೇಲೆ ಎರೆ ಹೊಲದ ದಾರಿ ಹಿಡಿದರೆ ಬೇರೆಯೇ ಕಥೆ. ಅಟ್ಟೆಗೆ ಅಂಟಿದ ಮಣ್ಣನ್ನು ಕಡ್ಡಿಯಿಂದ ಕೆರೆದೇ ಹತ್ತಬೇಕು. ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡ ಎರೆ ಮಣ್ಣು ಕೆರೆದರೂ ಸುಲಭಕ್ಕೆ ಬರುವುದಿಲ್ಲ.

ಇನ್ನು ನೀವು ಕೇಳದೇ ಇದ್ದದ್ದು. ನಿಮ್ಮ ಪೆಡಲ್ ಯಾವುದು? ಕಡಿಮೆ ಬೆಲೆಯ ಸೈಕಲ್‌ಗಳಿಗೆ ಪಿನ್ ಇಲ್ಲದ ಪ್ಲಾಸ್ಟಿಕ್ ಪೆಡಲ್ ಹಾಕಿ ಕಳಿಸುತ್ತಾರೆ. ಹಾಗಿದ್ದರೆ ಎಂಥ ಶೂ ತಂದರೂ ಜಾರುತ್ತದೆ. ಮೊದಲು ಪೆಡಲ್ ಬದಲಿಸಿ. 15 ಎಂಎಂ ಸ್ಪ್ಯಾನರ್ ಸಾಕು, ಕೆಲವಕ್ಕೆ ಒಳಗಡೆಯಿಂದ ಅಲೆನ್ ಕೀ (ಆರು ಮೂಲೆಯ ಬಾಗಿದ ಕೀಲಿ) ಬೇಕಾಗುತ್ತದೆ. ಎಡಗಡೆ ಪೆಡಲ್‌ನ ಥ್ರೆಡ್ ಉಲ್ಟಾ ಇರುತ್ತದೆ. ಇದು ಗೊತ್ತಿಲ್ಲದೆ ಬಲ ಹಾಕಿ ಕ್ರ್ಯಾಂಕ್ (ಪೆಡಲ್ ಕೂರಿಸುವ ತೋಳು) ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ. ಎಡ ಬಲ ನೆನಪಿಟ್ಟುಕೊಳ್ಳುವುದು ಕಷ್ಟವಾದರೆ ಹೀಗೆ ಮಾಡಿ. ಸ್ಪ್ಯಾನರ್ ಹಿಡಿ ಮೇಲ್ಮುಖವಾಗಿರಲಿ. ಹಿಂದಿನ ಚಕ್ರದ ಕಡೆ ಎಳೆದರೆ ಎರಡೂ ಪೆಡಲ್ ಬಿಚ್ಚುತ್ತವೆ, ಮುಂದಿನ ಚಕ್ರದ ಕಡೆ ಎಳೆದರೆ ಎರಡೂ ಬಿಗಿಯಾಗುತ್ತವೆ. ಹೊಸದನ್ನು ಮೊದಲು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ. ಸಲೀಸಾಗಿ ಹೋಗದಿದ್ದರೆ ಬಿಚ್ಚಿ ಮತ್ತೆ ನೇರವಾಗಿ ಕೂರಿಸಿ. ಥ್ರೆಡ್‌ಗೆ ಸ್ವಲ್ಪ ಗ್ರೀಸ್ ಹಚ್ಚುವುದು ಮರೆಯಬೇಡಿ, ಮುಂದಿನ ಸಲ ಬಿಚ್ಚುವಾಗ ಒದ್ದಾಡುವುದು ತಪ್ಪುತ್ತದೆ.