ಕಂಪ್ಯೂಟರ್ ಹಾರಿಸುವ ಯುದ್ಧವಿಮಾನಕ್ಕೆ ತೂಕದ ಲೆಕ್ಕ ಯಾಕೆ?

ಪ್ರಶ್ನೆ: ತೇಜಸ್‌ನಂಥ ವಿಮಾನಗಳನ್ನು ಬೇಕೆಂದೇ ಅಸ್ಥಿರವಾಗಿ ಕಟ್ಟಿ, ಕಂಪ್ಯೂಟರ್‌ನಿಂದ ಸಂಭಾಳಿಸುತ್ತಾರಂತೆ. ಹಾಗಾದರೆ ಇಂಧನ, ಬಾಂಬುಗಳ ಭಾರ ಎತ್ತ ವಾಲಿದರೂ ನಡೆಯುತ್ತದೆಯೆ?
– ವಿದ್ಯಾರ್ಥಿ, ಸಾಂಬ್ರಾ, ಬೆಳಗಾವಿ

ನಡೆಯುವುದಿಲ್ಲ. ಅದರಲ್ಲೂ ಭಾರ ಹಿಂದಕ್ಕೆ ಸರಿಯುವ ವಿಷಯದಲ್ಲಿ ಇಲ್ಲಿ ಲೆಕ್ಕ ಬಹಳ ಬಿಗಿಯಾಗಿರಬೇಕು.

ನಮ್ಮ ಸೀಮೆಯಲ್ಲಿ ಚಕ್ಕಡಿಗೆ ಕಬ್ಬು ಹೇರುವುದನ್ನು ಕಂಡವರಿಗೆ ಅರ್ಧ ಉತ್ತರ ಗೊತ್ತೇ ಇರುತ್ತದೆ. ಹೇರು ಅಚ್ಚಿನ ಹಿಂದಕ್ಕೆ ಹೆಚ್ಚಾದರೆ ಹಿಂಭಾರವಾಗಿ ನೊಗ ಮೇಲೇಳುತ್ತದೆ, ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ. ವಿಮಾನದಲ್ಲಿ ಅಚ್ಚಿನ ಜಾಗದಲ್ಲಿರುವುದು, ಮೂತಿ ಎದ್ದಾಗ ಹೆಚ್ಚುವರಿ ಎತ್ತುಬಲ ಹುಟ್ಟುವ ಬಿಂದು. ಗುರುತ್ವಕೇಂದ್ರ ಅದರ ಮುಂದಿದ್ದರೆ, ಗಾಳಿಯ ಹೊಡೆತಕ್ಕೆ ಎದ್ದ ಮೂತಿ ತಾನಾಗಿ ಇಳಿಯುತ್ತದೆ. ಹಿಂದಿದ್ದರೆ ಎದ್ದದ್ದು ಇನ್ನಷ್ಟು ಏಳುತ್ತದೆ. ಈ ಎರಡನೆಯದೇ ಅಸ್ಥಿರತೆ. ಚುರುಕಾದ ತಿರುವು ಮತ್ತು ಕಡಿಮೆ ಎಳೆತಕ್ಕಾಗಿ ಅದನ್ನು ಅಳೆದು ಇಟ್ಟಿರುತ್ತಾರೆ. (ಶಬ್ದವೇಗ ದಾಟಿದಾಗ ಆ ಬಿಂದು ಹಿಂದಕ್ಕೆ ಸರಿಯುವುದರಿಂದ ಅದೇ ವಿಮಾನ ಸ್ಥಿರವಾಗುತ್ತದೆ.)

ಎದ್ದ ಮೂತಿಯನ್ನು ಕ್ಷಣಕ್ಷಣವೂ ತಿದ್ದುವುದು ಕಂಪ್ಯೂಟರಿನ ಕೆಲಸ. ಅಮೆರಿಕದ ಪ್ರಯೋಗವಿಮಾನ ಎಕ್ಸ್-29ರಲ್ಲಿ ಸೆಕೆಂಡಿಗೆ 40 ಬಾರಿ ತಿದ್ದುತ್ತಿತ್ತು. ಆದರೆ ಈ ತಿದ್ದುಪಡಿಯಿಂದ ಭಾರ ಒಂದಿಂಚೂ ಸರಿಯುವುದಿಲ್ಲ ಎಂಬುದನ್ನು ನಾನು ಒತ್ತಿ ಹೇಳಬೇಕು. ತಿರುಗುವುದು ರೆಕ್ಕೆ ಬಾಲಗಳ ಚಲಿಸುವ ಹಲಗೆಗಳು ಮಾತ್ರ, ಅವು ತಿರುಗುವುದಕ್ಕೂ ಒಂದು ಮಿತಿ ಇದೆ. ಭಾರ ಹಿಂದೆ ಸರಿದಷ್ಟೂ ಆ ಮಿತಿಯ ಹೆಚ್ಚಿನ ಪಾಲು ಮೂತಿಯನ್ನು ಹಿಡಿದಿಡುವುದಕ್ಕೇ ಖರ್ಚಾಗುತ್ತದೆ.

ಆದ್ದರಿಂದಲೇ ಹಾರಾಟದ ಉದ್ದಕ್ಕೂ ಟ್ಯಾಂಕುಗಳಿಂದ ಇಂಧನವನ್ನು ಗೊತ್ತುಮಾಡಿದ ಕ್ರಮದಲ್ಲೇ ತೆಗೆಯಬೇಕು. ಎಫ್-16ರ ಇಂಧನ ಮಾಪಕದಲ್ಲಿ ಎರಡು ಮುಳ್ಳುಗಳಿವೆ: ಒಂದು ಮುಂದಿನ ಮತ್ತು ಬಲಗಡೆಯ ಟ್ಯಾಂಕುಗಳಿಗೆ, ಇನ್ನೊಂದು ಹಿಂದಿನ ಮತ್ತು ಎಡಗಡೆಯವಕ್ಕೆ. ಅವುಗಳ ನಡುವಿನ ಅಂತರ ಮಿತಿಮೀರಿದರೆ ಪೈಲಟ್ ಒಂದು ಗುಂಡಿ ತಿರುಗಿಸಿ, ಭಾರ ಹೆಚ್ಚಿದ ಕಡೆಯಿಂದ ಎಂಜಿನ್‌ಗೆ ಇಂಧನ ಹರಿಸುತ್ತಾನೆ. ಬಾಂಬುಗಳನ್ನು ಯಾವ ರೆಕ್ಕೆಯಿಂದ ಮೊದಲು ಬಿಡಬೇಕೆಂಬುದಕ್ಕೂ ಕ್ರಮವಿದೆ.

ಮಿತಿ ಮುಗಿದಾಗ ಏನಾಗುತ್ತದೆ ಎಂಬುದನ್ನೂ ಅದೇ ಎಫ್-16 ತೋರಿಸಿಕೊಟ್ಟಿದೆ. ಅದರ ಪರೀಕ್ಷಾ ಹಾರಾಟಗಳಲ್ಲಿ ವಿಮಾನ ಮೂತಿ ಎತ್ತಿ, ವೇಗ ಕಳೆದುಕೊಂಡು, ಆ ಭಂಗಿಯಲ್ಲೇ ಕೆಳಗೆ ಕುಸಿಯುವ ಸ್ಥಿತಿಗೆ ಸಿಕ್ಕಿಬಿತ್ತು. ಕಂಪ್ಯೂಟರ್ ಬಾಲವನ್ನು ಆದಷ್ಟೂ ತಿರುಗಿಸಿದ್ದರೂ ಮೂತಿ ಇಳಿಯಲಿಲ್ಲ. ಅದಕ್ಕಾಗಿ ಕಂಪ್ಯೂಟರಿನ ತಡೆಯನ್ನು ಮೀರುವ ಸ್ವಿಚ್ಚೊಂದನ್ನು ಕೊಟ್ಟರು. ಅದನ್ನು ಒತ್ತಿ ಹಿಡಿದು, ಉಯ್ಯಾಲೆ ಜೀಕಿದಂತೆ ಮೂತಿಯನ್ನು ಮೇಲೆ ಕೆಳಗೆ ತೂಗಿ ಪೈಲಟ್ ಪಾರಾಗಬೇಕು. ಮುಂದಿನ ಮಾದರಿಗಳಲ್ಲಿ ಬಾಲದ ಅಡ್ಡರೆಕ್ಕೆಯನ್ನೇ ದೊಡ್ಡದು ಮಾಡಿದರು.