ಮೂಲಗಳನ್ನು ಎಣಿಸಿದ ದಶಕಗಳು: ಕುಡಿಯುವ ನೀರಿನ ಗುಣಮಟ್ಟದ ಹಿನ್ನೆಲೆ

2012ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಒಂದು ಸಂತಸದ ಸುದ್ದಿಯನ್ನು ಪ್ರಕಟಿಸಿದವು. ಸುರಕ್ಷಿತ ಕುಡಿಯುವ ನೀರು ಸಿಗದವರ ಪ್ರಮಾಣವನ್ನು 2015ರೊಳಗೆ ಅರ್ಧಕ್ಕೆ ಇಳಿಸಬೇಕೆಂಬ ಸಹಸ್ರಮಾನದ ಅಭಿವೃದ್ಧಿ ಗುರಿಯು ಗಡುವಿಗೆ ಐದು ವರ್ಷ ಮುಂಚೆಯೇ, 2010ರಲ್ಲಿ ಈಡೇರಿತ್ತು. ಆದರೆ ಆ ಲೆಕ್ಕ ನಡೆದದ್ದು ನೀರನ್ನು ಪರೀಕ್ಷಿಸಿ ಅಲ್ಲ. ನಲ್ಲಿ, ಕೈಪಂಪು, ಕೊಳವೆಬಾವಿ, ಮುಚ್ಚಿದ ಬಾವಿ ಇವುಗಳಲ್ಲಿ ಯಾವುದಾದರೂ ಒಂದು ಕುಟುಂಬಕ್ಕೆ ಇದ್ದರೆ ಅದು ‘ಸುಧಾರಿತ ಮೂಲ’, ಆ ಕುಟುಂಬ ಕುಡಿಯುವುದು ಸುರಕ್ಷಿತ ನೀರು ಎಂದು ಭಾವಿಸಲಾಗಿತ್ತು. ಅಭಿವೃದ್ಧಿಶೀಲ ದೇಶಗಳ ನೀರಿನ ನೀತಿಯನ್ನು ಹಲವು ದಶಕಗಳ ಕಾಲ ನಡೆಸಿದ್ದು ಈ ಊಹೆಯೇ, ಮತ್ತು ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ.

ಮೂಲಕ್ಕಿಂತ ನೀರಿನ ಗುಣ ಮುಖ್ಯ ಎಂಬುದು ಹೊಸ ತಿಳಿವಳಿಕೆಯಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಪಂಪಿಗೂ ಕಾಲರಾ ಸಾವುಗಳಿಗೂ ಇರುವ ನಂಟನ್ನು ವೈದ್ಯ ಜಾನ್ ಸ್ನೋ ತೋರಿಸಿದ್ದರು. ಅದಕ್ಕಿಂತ ಸ್ಪಷ್ಟವಾದ ಪಾಠ ಸಿಕ್ಕಿದ್ದು 1892ರಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಎಲ್ಬೆ ನದಿಯ ನೀರನ್ನು ಸೋಸದೆ ಪೂರೈಸುತ್ತಿದ್ದ ಆ ನಗರದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಕಾಲರಾಕ್ಕೆ ಬಲಿಯಾದರು. ಹ್ಯಾಂಬರ್ಗ್‌ಗೆ ಹೊಂದಿಕೊಂಡೇ ಇದ್ದ ಆಲ್ಟೋನಾ ಪಟ್ಟಣವು ಅದೇ ನದಿಯಿಂದ, ಅದೂ ಹ್ಯಾಂಬರ್ಗ್‌ನ ಕೊಳಚೆ ಸೇರಿದ ಕೆಳಭಾಗದಿಂದ ನೀರೆತ್ತುತ್ತಿದ್ದರೂ, ಮರಳಿನ ಹಾಸಿನಲ್ಲಿ ಸೋಸುತ್ತಿದ್ದ ಕಾರಣ ಬಹುಮಟ್ಟಿಗೆ ಪಾರಾಯಿತು. 20ನೇ ಶತಮಾನದ ಆರಂಭದಲ್ಲಿ ಕ್ಲೋರಿನ್ ಬಳಕೆಯೂ ಸೇರಿಕೊಂಡ ಮೇಲೆ ಯುರೋಪ್ ಮತ್ತು ಅಮೆರಿಕದ ನಗರಗಳಲ್ಲಿ ಕಾಲರಾ, ವಿಷಮಶೀತ ಜ್ವರಗಳು ಹಿಂದೆ ಸರಿದವು. ವಸಾಹತು ಆಡಳಿತದಲ್ಲಿದ್ದ ಏಷ್ಯಾ, ಆಫ್ರಿಕಾಗಳ ಹಲವು ನಗರಗಳಲ್ಲಿ ಮಾತ್ರ ಶುದ್ಧೀಕರಿಸಿದ ನೀರು ಮೊದಲು ತಲುಪಿದ್ದು ಆಡಳಿತಗಾರರ ಬಡಾವಣೆಗಳಿಗೆ. ಸ್ವತಂತ್ರವಾದ ದೇಶಗಳು ಅರೆಬರೆ ಜಾಲಗಳನ್ನೂ ನೀರಿನ ಏರ್ಪಾಡೇ ಇಲ್ಲದ ಗ್ರಾಮಗಳನ್ನೂ ಒಟ್ಟಿಗೆ ಬಳುವಳಿಯಾಗಿ ಪಡೆದವು.

1977ರಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾದಲ್ಲಿ ನಡೆದ ವಿಶ್ವಸಂಸ್ಥೆಯ ಜಲ ಸಮ್ಮೇಳನದ ಫಲವಾಗಿ 1981ರಿಂದ 1990ರವರೆಗಿನ ಅವಧಿಯನ್ನು ಅಂತರರಾಷ್ಟ್ರೀಯ ಕುಡಿಯುವ ನೀರು ಮತ್ತು ನೈರ್ಮಲ್ಯ ದಶಕವೆಂದು ಘೋಷಿಸಲಾಯಿತು. ಎಲ್ಲರಿಗೂ ನೀರು ಎಂಬ ಗುರಿಯನ್ನು ಬೇಗ, ಅಗ್ಗವಾಗಿ ಮುಟ್ಟಲು ಕೊಳವೆಬಾವಿ ಮತ್ತು ಕೈಪಂಪುಗಳೇ ದಾರಿಯಾದವು. ಹಾಗೆ ಯೋಚಿಸಿದ್ದರಲ್ಲಿ ಅರ್ಥವಿತ್ತೆಂಬುದನ್ನು ಒಪ್ಪಲೇಬೇಕು: ಕೆರೆಕುಂಟೆಗಳ ನೀರು ಮಲದಿಂದ ಕೆಟ್ಟಿತ್ತು, ಮಣ್ಣಿನ ಪದರಗಳನ್ನು ಹಾದು ಇಳಿದ ಅಂತರ್ಜಲದಲ್ಲಿ ರೋಗಾಣುಗಳು ಕಡಿಮೆ, ಮನೆಯ ಹತ್ತಿರ ನೀರು ಹೇರಳವಾಗಿ ಸಿಕ್ಕರೆ ಕೈ ತೊಳೆಯುವುದೂ ಹೆಚ್ಚುತ್ತದೆ.

ಬಾಂಗ್ಲಾದೇಶದಲ್ಲಿ ಈ ಕೆಲಸ ಅದಕ್ಕೂ ಮೊದಲೇ ಆರಂಭವಾಗಿತ್ತು. 1970ರ ದಶಕದಲ್ಲಿ ಯುನಿಸೆಫ್ ನೆರವಿನೊಂದಿಗೆ ಸರ್ಕಾರ ಹಳ್ಳಿಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸಿತು. ಅನುಕೂಲವನ್ನು ಕಂಡ ಜನ ತಮ್ಮ ಸ್ವಂತ ಹಣದಿಂದಲೇ ಲಕ್ಷಗಟ್ಟಲೆ ಬಾವಿಗಳನ್ನು ಹಾಕಿಸಿಕೊಂಡರು. ಆ ನೀರು ಕಣ್ಣಿಗೆ ತಿಳಿಯಾಗಿತ್ತು, ರುಚಿಯಲ್ಲಿ ದೋಷವಿರಲಿಲ್ಲ. ಆದರೆ ಹಿಮಾಲಯದಿಂದ ನದಿಗಳು ಹೊತ್ತುತಂದು ಹರಡಿದ ಮೆಕ್ಕಲು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡು ಆರ್ಸೆನಿಕ್ ಎಂಬ ವಿಷಧಾತು ಇತ್ತು. ಭೂಮಿಯೊಳಗೆ ಆಮ್ಲಜನಕವಿಲ್ಲದ ಸ್ಥಿತಿಯಲ್ಲಿ ಸೂಕ್ಷ್ಮಜೀವಿಗಳು ಸಾವಯವ ಪದಾರ್ಥವನ್ನು ಕೊಳೆಸುವಾಗ ಆ ಕಬ್ಬಿಣ ಕರಗುತ್ತದೆ, ಆರ್ಸೆನಿಕ್ ಬಿಡುಗಡೆಯಾಗಿ ನೀರಿಗೆ ಸೇರುತ್ತದೆ. ಹೆಚ್ಚು ಆಳವಿಲ್ಲದ ಬಾವಿಗಳು ನೀರೆತ್ತುತ್ತಿದ್ದುದು ಇಂತಹ ಪದರಗಳಿಂದಲೇ. ಆಗಿನ ವಾಡಿಕೆಯ ನೀರಿನ ಪರೀಕ್ಷೆಗಳಲ್ಲಿ ಆರ್ಸೆನಿಕ್ ಸೇರಿರಲಿಲ್ಲ.

ಗಡಿಯಾಚೆಯ ಪಶ್ಚಿಮ ಬಂಗಾಳದಲ್ಲಿ 1980ರ ದಶಕದ ಆರಂಭದಲ್ಲಿಯೇ ಕಲ್ಕತ್ತಾದ ಚರ್ಮವೈದ್ಯ ಕೆ. ಸಿ. ಸಾಹಾ ಅವರು ಅಂಗೈ, ಅಂಗಾಲುಗಳಲ್ಲಿ ಗಂಟುಗಂಟಾಗಿ ಚರ್ಮ ದಪ್ಪಗಟ್ಟಿದ್ದ, ಮೈಮೇಲೆ ಕಪ್ಪು ಚುಕ್ಕೆಗಳೆದ್ದಿದ್ದ ರೋಗಿಗಳನ್ನು ಕಂಡು ಅದು ಆರ್ಸೆನಿಕ್ ವಿಷವೆಂದು ಗುರುತಿಸಿದ್ದರು. ಬಾಂಗ್ಲಾದೇಶದ ಬಾವಿಗಳಲ್ಲಿ ಅದು ಅಧಿಕೃತವಾಗಿ ಪತ್ತೆಯಾದದ್ದು 1993ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೇಖನವೊಂದು ಅಪಾಯದಲ್ಲಿರುವವರ ಸಂಖ್ಯೆ 3.5 ಕೋಟಿಯಿಂದ 7.7 ಕೋಟಿಯವರೆಗೆ ಇರಬಹುದೆಂದು ಅಂದಾಜಿಸಿ, ಇದನ್ನು ಇತಿಹಾಸದ ಅತಿ ದೊಡ್ಡ ಸಾಮೂಹಿಕ ವಿಷಪ್ರಾಶನವೆಂದು ಕರೆಯಿತು. ಈ ವಿಷ ಒಂದು ದಿನದಲ್ಲಿ ಕೊಲ್ಲುವುದಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳುತ್ತದೆ. ಮುಂದೆ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ ಅಪಾಯದವಕ್ಕೆ ಕೆಂಪು, ಉಳಿದವಕ್ಕೆ ಹಸಿರು ಬಣ್ಣ ಬಳಿಯಲಾಯಿತು. ಅಲ್ಲಿಯೂ ಅಳತೆಗೋಲಿನ ಪ್ರಶ್ನೆ ಬಿಡಲಿಲ್ಲ: ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ, ಬಾಂಗ್ಲಾದೇಶ ಅನುಸರಿಸಿದ ಮಿತಿ 50. ಲೆಕ್ಕದಲ್ಲಿ ಈ ಬಾವಿಗಳೆಲ್ಲ ‘ಸುಧಾರಿತ ಮೂಲ’ಗಳೇ ಆಗಿದ್ದವು ಎಂಬುದನ್ನು ಇಲ್ಲಿ ನೆನಪಿಡಬೇಕು.

ನಲ್ಲಿಯ ನೀರೂ ಇದಕ್ಕೆ ಹೊರತಲ್ಲ. 1991ರಲ್ಲಿ ಕಾಲರಾ ದಕ್ಷಿಣ ಅಮೆರಿಕಕ್ಕೆ ಮರಳಿ ಬಂದಾಗ ಪೆರು ಒಂದರಲ್ಲೇ, ಆ ಒಂದೇ ವರ್ಷದಲ್ಲಿ, 3 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಕ್ಲೋರಿನ್ ಸರಿಯಾಗಿ ಬೆರೆಸದ ನಗರದ ಕೊಳವೆಗಳೂ ರೋಗವನ್ನು ಹರಡಿದವು. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಊರುಗಳಲ್ಲಿ ಅಪಾಯ ವ್ಯವಸ್ಥೆಯೊಳಗೇ ಅಡಗಿರುತ್ತದೆ. ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಕುಸಿದು, ಬಿರುಕುಗಳಿಂದ ಸುತ್ತಲಿನ ಚರಂಡಿ ನೀರು ಒಳಸೇರುತ್ತದೆ. ನೀರು ಬರುವ ಹೊತ್ತಿಗೆ ಹಿಡಿದಿಟ್ಟುಕೊಳ್ಳಲೇಬೇಕಾದ್ದರಿಂದ ಮನೆಯ ಪಾತ್ರೆಯಲ್ಲಿ ಅದು ಇನ್ನೊಮ್ಮೆ ಕೆಡುತ್ತದೆ. ಶುದ್ಧೀಕರಣ ಘಟಕದ ಬಾಗಿಲಲ್ಲಿ ತೇರ್ಗಡೆಯಾದ ನೀರು ಮಗುವಿನ ಬಾಯಿಗೆ ಹೋಗುವಷ್ಟರಲ್ಲಿ ಬೇರೆಯೇ ಆಗಿರಬಹುದು.

2015ರಲ್ಲಿ ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ರೂಪಿಸುವಾಗ ಕೊನೆಗೂ ವ್ಯಾಖ್ಯೆ ಬದಲಾಯಿತು. ನೀರು ಮನೆಯ ಆವರಣದಲ್ಲೇ ಇರಬೇಕು, ಬೇಕಾದಾಗ ಸಿಗಬೇಕು, ಮಲಮಾಲಿನ್ಯದಿಂದಲೂ ಆರ್ಸೆನಿಕ್, ಫ್ಲೋರೈಡ್‌ಗಳಂತಹ ಮುಖ್ಯ ರಾಸಾಯನಿಕಗಳಿಂದಲೂ ಮುಕ್ತವಾಗಿರಬೇಕು ಎಂಬ ಮೂರು ಷರತ್ತುಗಳು ಬಂದವು. ಅದರ ಪರಿಣಾಮ ಅಂಕಿಗಳಲ್ಲೇ ಕಾಣುತ್ತದೆ. ಹಳೆಯ ಅಳತೆಯಲ್ಲಿ 2015ಕ್ಕೆ ನೀರಿನ ಕೊರತೆಯವರು ಸುಮಾರು 66 ಕೋಟಿ. ಹೊಸ ಅಳತೆಯಲ್ಲಿ ಅದೇ ವರ್ಷಕ್ಕೆ 210 ಕೋಟಿ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಪರೀಕ್ಷಾ ಮಾಹಿತಿ ಇಲ್ಲದ ಪ್ರದೇಶಗಳನ್ನೂ ಅಂದಾಜಿಗೆ ಸೇರಿಸಿ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ 440 ಕೋಟಿ ಜನರಿಗೆ ಇಂತಹ ನೀರಿಲ್ಲವೆಂದಿತು. ಈ ಕೋಟಿಗಟ್ಟಲೆ ಜನ ಹೊಸದಾಗಿ ನೀರು ಕಳೆದುಕೊಂಡವರಲ್ಲ, ಹಿಂದೆ ಯಾರೂ ನೋಡದೆ ಬಿಟ್ಟವರು.

ಪರೀಕ್ಷೆಯೇ ಸುಲಭವಲ್ಲ ಎಂಬುದೂ ನಿಜ. 100 ಮಿಲಿಲೀಟರ್ ನೀರಿನಲ್ಲಿ ಮಲಮಾಲಿನ್ಯದ ಸುಳಿವು ಕೊಡುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ತಿಳಿಯಲು ಮಾದರಿಯನ್ನು ತಣ್ಣಗೆ ಇಟ್ಟು ಬೇಗ ಪ್ರಯೋಗಾಲಯಕ್ಕೆ ಸೇರಿಸಬೇಕು, ಸುಮಾರು ಒಂದು ದಿನ ಬಿಸಿಯಲ್ಲಿ ಕಾವು ಕೊಡಬೇಕು. ಫಲಿತಾಂಶ ಬರುವಷ್ಟರಲ್ಲಿ ಆ ನೀರನ್ನು ಜನ ಕುಡಿದಿರುತ್ತಾರೆ. ಹೀಗಾಗಿ ಪರೀಕ್ಷೆಯ ಜೊತೆಗೆ ನಿರಂತರ ಶುದ್ಧೀಕರಣವೂ ಬೇಕು. ಮನೆಮನೆಗೆ ಕ್ಲೋರಿನ್ ಕೊಟ್ಟು ಬಳಸಿರೆಂದು ಹೇಳುವ ಯೋಜನೆಗಳಲ್ಲಿ ಬಳಕೆ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಢಾಕಾ ಮುಂತಾದ ಬಾಂಗ್ಲಾದೇಶದ ನಗರ ಪ್ರದೇಶಗಳಲ್ಲಿ ಹಂಚಿಕೊಂಡು ಬಳಸುವ ನಲ್ಲಿಗಳಿಗೆ ತಾನಾಗಿಯೇ ಕ್ಲೋರಿನ್ ಬೆರೆಸುವ ಸಾಧನ ಜೋಡಿಸಿದಾಗ, 2019ರಲ್ಲಿ ವರದಿಯಾದಂತೆ, ಮಕ್ಕಳ ಅತಿಸಾರ 23 ಶೇಕಡಾ ಕಡಿಮೆಯಾಯಿತು. ದಿನನಿತ್ಯದ ಹೊರೆಯನ್ನು ತಾಯಂದಿರ ಹೆಗಲಿಂದ ಇಳಿಸಿದ್ದೇ ಇದರ ಬಲವೆಂದು ನನ್ನ ಅಭಿಪ್ರಾಯ.

ಆದರೆ ಇಂತಹ ಸಾಧನಕ್ಕೂ ಕ್ಲೋರಿನ್ ಮತ್ತೆ ಮತ್ತೆ ತುಂಬಬೇಕು, ಕೆಟ್ಟಾಗ ರಿಪೇರಿ ಮಾಡುವ ಕೈ ಬೇಕು. ಬಾವಿ ಕೊರೆಯಲು, ಟ್ಯಾಂಕ್ ಕಟ್ಟಲು ನೆರವಿನ ಹಣ ಒಮ್ಮೆಗೆ ದೊರೆಯುತ್ತದೆ, ಉದ್ಘಾಟನೆಯೂ ಆಗುತ್ತದೆ. ನೀರಿನ ಗುಣವನ್ನು ಕಾಯುವ ಆಪರೇಟರನ ಸಂಬಳಕ್ಕೆ, ಕ್ಲೋರಿನ್ ಖರೀದಿಗೆ, ಮಾದರಿ ಸಾಗಿಸುವ ವಾಹನಕ್ಕೆ ವರ್ಷವರ್ಷವೂ ಹಣ ಮೀಸಲಿಡಬೇಕಾದವರು ಸ್ಥಳೀಯ ಸಂಸ್ಥೆಗಳು, ಮತ್ತು ಹೆಚ್ಚಿನ ಬಡ ದೇಶಗಳಲ್ಲಿ ಅತಿ ಕಡಿಮೆ ಆದಾಯವಿರುವುದು ಅವುಗಳಿಗೇ.