ಆಫ್ ಮಾಡಿದ ಟಿವಿ ತಿನ್ನುವ ಕರೆಂಟ್

ಮೈಸೂರಿನ ಕುವೆಂಪುನಗರದ ನಮ್ಮ ಹಳೇ ಮನೆಯ ಟಿವಿಗೆ ಒಂದು ದಪ್ಪ ಗುಂಡಿ ಇತ್ತು. ಒತ್ತಿದರೆ ಟಕ್ ಎನ್ನುತ್ತಿತ್ತು. ಪರದೆಯ ನಡುವೆ ಬಿಳಿ ಚುಕ್ಕಿಯೊಂದು ಉಳಿದು ಮಾಯವಾಗುತ್ತಿತ್ತು. ಅಲ್ಲಿಗೆ ಕರೆಂಟ್ ನಿಜವಾಗಿಯೂ ನಿಂತಿತು ಅಂತ ಅರ್ಥ.

ಆಮೇಲೆ ರಿಮೋಟ್ ಬಂತು. ರಿಮೋಟ್ ಒತ್ತಿದ್ದು ಗೊತ್ತಾಗಬೇಕಾದರೆ ಟಿವಿಯ ಒಂದು ಭಾಗ ಸದಾ ಎಚ್ಚರವಾಗಿರಬೇಕು ಅಲ್ವಾ? ಅದೇ ಸ್ಟ್ಯಾಂಡ್‌ಬೈ. ಅದರ ಜೊತೆಗೆ ಅಡಾಪ್ಟರ್‌ಗಳೂ ಬಂದವು. ಹಳೇ ಕಾಲದ ಭಾರದ ಅಡಾಪ್ಟರ್‌ಗೆ ಏನನ್ನೂ ಸಿಕ್ಕಿಸದಿದ್ದರೂ ಕೈಗೆ ಬೆಚ್ಚಗೆ ತಾಗುತ್ತದೆ. ಒಳಗಿನ ತಂತಿ ಸುರುಳಿ ಮತ್ತು ಕಬ್ಬಿಣ ಸುಮ್ನೆ ಬಿಸಿಯಾಗುತ್ತಿರುತ್ತವೆ. ಆ ಬಿಸಿಗೂ ಮೀಟರ್ ಓಡುತ್ತದೆ.

ಇದನ್ನು ಅಳೆದು ಜಗತ್ತಿಗೆ ತೋರಿಸಿದವರಲ್ಲಿ ಮುಖ್ಯರು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಅಲನ್ ಮೇಯರ್. 1999ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಯಾವ ಉಪಕರಣವೂ ಸ್ಟ್ಯಾಂಡ್‌ಬೈನಲ್ಲಿ 1 ವ್ಯಾಟ್ ಮೀರಬಾರದು ಎಂಬ ಗುರಿ ಮುಂದಿಟ್ಟಿತು. ಯುರೋಪ್ ಅದನ್ನು ಕಾನೂನು ಮಾಡಿತು: ಹೆಚ್ಚಿನ ಉಪಕರಣಗಳಿಗೆ 2010ರಲ್ಲಿ 1 ವ್ಯಾಟ್, 2013ರಲ್ಲಿ ಅರ್ಧ ವ್ಯಾಟ್. ನಮ್ಮಲ್ಲಿ ಉಪಕರಣ ಎಷ್ಟು ಕರೆಂಟ್ ಉಳಿಸುತ್ತದೆಂದು ನಕ್ಷತ್ರಗಳಲ್ಲಿ ಹೇಳುವ ಸ್ಟಾರ್ ಲೇಬಲ್ ಶುರುವಾದದ್ದು 2006ರಲ್ಲಿ.

ಕಂಪನಿಗಳು ಸ್ಟ್ಯಾಂಡ್‌ಬೈ ಕರೆಂಟನ್ನು ಇಷ್ಟು ಇಳಿಸಿದ್ದು ಹೇಗೆ? ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಬಿಟ್ಟು, ವೇಗವಾಗಿ ಆನ್-ಆಫ್ ಆಗುವ ಪುಟ್ಟ ಸರ್ಕ್ಯೂಟ್ ಹಾಕಿದರು. ಕೆಲಸವಿಲ್ಲದಾಗ ಅದರ ಚಿಪ್ ಆಗಾಗ ಒಂದು ಮಿಡಿತ ಕೊಟ್ಟು ಮತ್ತೆ ಸುಮ್ಮನಾಗುತ್ತದೆ. ಕರೆಂಟ್ ಉಳಿಸಿದ ಅಸಲಿ ಸಾಧನ ಇದೇ, ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇವತ್ತಿನ ಒಳ್ಳೆಯ ಮೊಬೈಲ್ ಚಾರ್ಜರ್ ಪ್ಲಗ್‌ನಲ್ಲೇ ಉಳಿದರೂ ನಷ್ಟ ತೀರಾ ಕಡಿಮೆ.

ಹಾಗಾದರೆ ಚಿಂತೆ ಯಾವುದರದ್ದು? ಸೆಟ್ ಟಾಪ್ ಬಾಕ್ಸ್‌ನದ್ದು. ಕೇಬಲ್ ಡಿಜಿಟಲ್ ಆಗಬೇಕೆಂದು ಬೆಂಗಳೂರಿನ ಜೊತೆಗೆ ಮೈಸೂರಿಗೂ ಕೊಟ್ಟ ಗಡುವು 2013ರ ಮಾರ್ಚ್ 31. ಆಗ ಮನೆಮನೆಗೂ ಡಬ್ಬ ಬಂತು. ಹಳೇ ಡಬ್ಬಗಳಲ್ಲಿ ಎಷ್ಟೋ ರಿಮೋಟ್‌ನಲ್ಲಿ ಆಫ್ ಮಾಡಿದರೂ ಹೆಚ್ಚುಕಡಿಮೆ ಅಷ್ಟೇ ಕರೆಂಟ್ ಎಳೆಯುತ್ತವೆ, ದೀಪದ ಬಣ್ಣ ಮಾತ್ರ ಬದಲಾಗುತ್ತದೆ. 8 ವ್ಯಾಟ್ ಅಂತ ಇಟ್ಟುಕೊಳ್ಳಿ. ಇಡೀ ವರ್ಷ ಹಾಗೇ ಬಿಟ್ಟರೆ 70 ಯೂನಿಟ್! 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಇದೆ, ನಿಜ. ಆದರೆ ನಮ್ಮ ಮನೆಗೆ ಗೊತ್ತುಮಾಡಿದ ಲೆಕ್ಕ ದಾಟಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು, ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ.

ಹೊರದೇಶಗಳಲ್ಲಿ ಇದಕ್ಕೆಂದೇ ಸ್ಮಾರ್ಟ್ ಪವರ್ ಸ್ಟ್ರಿಪ್, ಅಂದರೆ ಹಲವು ಪ್ಲಗ್ ಸಿಕ್ಕಿಸುವ ಜಾಣ ಎಕ್ಸ್‌ಟೆನ್ಷನ್ ಬೋರ್ಡ್‌ಗಳು ಬಂದವು. ಟಿವಿ ಎಳೆಯುವ ಕರೆಂಟ್ ಇಳಿದದ್ದನ್ನು ಗಮನಿಸಿ, ಪಕ್ಕದ ಸ್ಪೀಕರ್, ಪ್ಲೇಯರ್‌ಗಳ ಸಂಪರ್ಕವನ್ನು ಅದೇ ಕಡಿದುಹಾಕುತ್ತದೆ. ಅಮೆರಿಕದ ಗೋಡೆ ಸಾಕೆಟ್‌ಗಳಿಗೆ ಸಾಮಾನ್ಯವಾಗಿ ಸ್ವಿಚ್ಚೇ ಇರುವುದಿಲ್ಲ, ಹಾಗಾಗಿ ಅವರಿಗೆ ಅದು ಬೇಕೇಬೇಕಿತ್ತು. ನಮ್ಮಲ್ಲಿ ಪ್ರತಿ ಪ್ಲಗ್ ಪಾಯಿಂಟ್‌ಗೂ ಸ್ವಿಚ್ ಇದೆ. ಮೊಬೈಲ್‌ನಿಂದಲೇ ಆನ್-ಆಫ್ ಮಾಡುವ ವೈಫೈ ಪ್ಲಗ್ ಕೊಳ್ಳುವವರು ಒಂದು ವಿಷಯ ನೆನಪಿಡಿ: ಅದಕ್ಕೂ ದಿನವಿಡೀ ಸ್ವಲ್ಪ ಕರೆಂಟ್ ಬೇಕು. ಬಿಲ್ ಅರ್ಧ ಮಾಡುತ್ತೇವೆಂದು ಮಾರುವ 'ಪವರ್ ಸೇವರ್' ಡಬ್ಬಿಗಳಂತೂ ಬೇಡವೇ ಬೇಡ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್, ಮನೆಯ ಯೂನಿಟ್ ಲೆಕ್ಕ ಅದರಿಂದ ಇಳಿಯುವುದಿಲ್ಲ.

ನನಗೆ ಬೇಸರವಾಗುವುದು ಹೊಸ ಮನೆಗಳನ್ನು ನೋಡಿದಾಗ. ಟಿವಿ ಹಿಂದೆ ಮರದ ಪ್ಯಾನೆಲ್ ಚೆಂದ ಕಾಣುತ್ತದೆ, ಆದರೆ ಸ್ವಿಚ್ ಅದರ ಹಿಂದೆ ಹೂತುಹೋಗಿರುತ್ತದೆ. ಮಂಡ್ಯದಲ್ಲಿ ನಮ್ಮ ನೆಂಟರು ಮನೆ ಕಟ್ಟಿಸುವಾಗ, ಪ್ಯಾನೆಲ್ ಕೂರಿಸುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಟಿವಿ ಮತ್ತು ಡಬ್ಬದ ಸ್ವಿಚ್ ಅನ್ನು ಸೋಫಾ ಪಕ್ಕದ ಗೋಡೆಗೆ ತರಿಸಿದರು. ಈಗ ಮಲಗುವ ಮುಂಚೆ ಅಜ್ಜಿಯೇ ಅದನ್ನು ಆರಿಸುತ್ತಾರೆ.